ಬೊಳ್ಳುವಿನ ಕೊರಳ ಬಿಲ್ಲೆ

ಸಂಪಾಜೆ ಕಡೆ ಬೇಟೆಯಾದ ಮೇಲೆ ಮಾಂಸ ಪಾಲು ಹಾಕುವುದೆಂದರೆ ಹುಡುಗಾಟದ ಕೆಲಸವಲ್ಲ. ಗುಂಡು ಹೊಡೆದವನಿಗೆ ತಲೆ, ಕಾಡು ಸೋಯಲು, ಎಂದರೆ ಗದ್ದಲವೆಬ್ಬಿಸಿ ಹಂದಿ ಹೊರಡಿಸಲು, ಬಂದವರಿಗೆಲ್ಲ ಸಮಪಾಲು, ಪಾಲು ಹಾಕುವ ಹೊತ್ತಿಗೆ ಆ ದಾರಿಯಲ್ಲಿ ಬಂದ ಪರವೂರಿನವನಿಗೂ ಒಂದು ಹಿಡಿ. ಆಮೇಲೆ ನಾಯಿಗಳಿಗೆ. ಹೌದು, ನಾಯಿಗೂ ಪಾಲುಂಟು, ಅದೂ ಮನುಷ್ಯರಿಗೆ ಕೊಟ್ಟಂಥದ್ದೇ ಮಾಂಸ. ಒಂದು ತುಂಡು ಹೆಚ್ಚುಕಮ್ಮಿಯಾದರೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟು ಕೂರುತ್ತಾರೆ. ಹಾಗಾಗಿ ಕತ್ತಿಯನ್ನು ಯಾರ ಕೈಗೆಂದರೆ ಅವರ ಕೈಗೆ ಕೊಡುವಂತಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಕೊಡಗು ಇನ್ನೂ ತನ್ನದೇ ಒಂದು ಸಣ್ಣ ರಾಜ್ಯವಾಗಿದ್ದ ಕಾಲದಲ್ಲಿ, ಸಂಪಾಜೆ ಪಕ್ಕದ ಒಂದು ಊರಿನ ಕತ್ತಿ ಹೋಗುತ್ತಿದ್ದದ್ದು ಕೂಸಪ್ಪನ ಕೈಗೆ.

ಕೂಸಪ್ಪ ಪಾಲು ಹಾಕಿದನೆಂದರೆ ಮುಗಿಯಿತು, ಯಾರೂ ಮಾಂಸ ಕಟ್ಟಿದ ಎಲೆ ಬಿಚ್ಚಿ ನೋಡುತ್ತಿರಲಿಲ್ಲ. ದೊಡ್ಡ ಶ್ರೀಮಂತನೇನಲ್ಲ. ಒಂದಿಷ್ಟು ಗದ್ದೆ, ಮನೆಯ ಹಿಂದೆ ಒಂದಿಷ್ಟು ಕಾಫಿ ಗಿಡ, ಅಪ್ಪನ ಕಾಲದ ಕೋವಿ. ಆದರೆ ಊರಿನಲ್ಲಿ ಗಡಿ ಜಗಳವಿರಲಿ, ದನ ನುಗ್ಗಿದ ಜಗಳವಿರಲಿ, "ಕೂಸಪ್ಪಣ್ಣ ಎಂತ ಹೇಳ್ತಾರೆ ಕೇಳಿ" ಅನ್ನುವುದು ರೂಢಿ. ಮನುಷ್ಯನಿಗೆ ಇಂಥ ಹೆಸರು ಬಂದುಬಿಟ್ಟರೆ ಕಷ್ಟ ನೋಡಿ. ಅದನ್ನು ಇಳಿಸಿಡಲು ಜಾಗ ಸಿಗುವುದಿಲ್ಲ.

ಹೆಂಡತಿ ಗಂಗಮ್ಮ ಚೆಟ್ಟಳ್ಳಿ ಕಡೆಯವಳು. ಮಕ್ಕಳಾಗಲಿಲ್ಲ. ಆ ಪ್ರೀತಿಯೆಲ್ಲ ಎರಡು ಕಡೆ ಹರಿಯುತ್ತಿತ್ತು, ತವರಿನಲ್ಲಿರುವ ತಮ್ಮ ಸಾಂತಪ್ಪನ ಕಡೆಗೆ ಮತ್ತು ಮನೆಯ ಬೇಟೆನಾಯಿ ಬೊಳ್ಳುವಿನ ಕಡೆಗೆ. ಬೊಳ್ಳು ಎಂದರೆ ಬಿಳಿ ಮೈ, ಬೆನ್ನ ಮೇಲೊಂದು ಕಂದು ಮಚ್ಚೆ. ಹಂದಿ ನಿನ್ನೆ ಹಾದುಹೋದ ಜಾಗವನ್ನು ಇವತ್ತು ಮೂಸಿ ಹೇಳುವ ಮೂಗು. ಬೇಟೆಯ ದಿನ ಬೊಳ್ಳುವಿನ ಪಾಲು ಬಂದರೆ ಗಂಗಮ್ಮ ಅದನ್ನು ಬೇರೆ ಪಾತ್ರೆಯಲ್ಲೇ ಬೇಯಿಸಿ, ತಣಿಸಿ, ಕೈಯಾರೆ ತಿನ್ನಿಸುತ್ತಿದ್ದಳು. ಗಂಡನಿಗೆ ಬಡಿಸುವುದು ಆಮೇಲೆ.

"ನಾನೂ ಒಂದು ಬಾಲ ಕಟ್ಟಿಕೊಂಡ್ರೆ ಆಕು ಅಲ್ವಾ?" ಎಂದು ಕೂಸಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ರೇಗಿಸುವನು.

"ನಿಮ್ಗೆ ಬಾಲ ಇದ್ರೆ ಹಂದಿ ಹೆದರಿ ಘಟ್ಟ ಇಳೀತದೆ, ಸುಮ್ನೆ ಕೂರಿ" ಎನ್ನುವಳು ಗಂಗಮ್ಮ.

ಇಷ್ಟೆಲ್ಲ ನಾಯಿ ಪ್ರೀತಿಯ ಗಂಗಮ್ಮನಿಗೆ ಒಂದೇ ಒಂದು ಹೆದರಿಕೆ. ಅವಳು ಸಣ್ಣವಳಿದ್ದಾಗ ಬೆನ್ನಿಗೆ ಬಿದ್ದ ತಂಗಿ ಹುಚ್ಚುನಾಯಿ ಕಚ್ಚಿ ಸತ್ತಿದ್ದಳು. ನೀರು ಕಂಡರೆ ಕಿರುಚುವ ತಂಗಿಯನ್ನು ಕಂಬಕ್ಕೆ ಕಟ್ಟಿ ಹಾಕಿದ್ದನ್ನು ಗಂಗಮ್ಮ ಬಾಗಿಲ ಸಂದಿಯಿಂದ ನೋಡಿದ್ದಳು. ಅಂದಿನಿಂದ, ಗೊತ್ತಿಲ್ಲದ ನಾಯಿಯ ಜೊಲ್ಲು ಸೆರಗಿಗೆ ತಾಗಿದರೂ ಸೀರೆಯನ್ನು ಕುದಿಸಿ ಒಗೆಯುವ ಜಾತಿ ಅವಳು.

ಆ ವರ್ಷ ಕೋವಿಗೆ ಹೂ ಮುಡಿಸುವ ಕೈಲ್ ಮುಹೂರ್ತ ಹಬ್ಬ ಹತ್ತಿರ ಬರುವಾಗ ಸಂಪಾಜೆ ಶಾಲೆಯ ಮುಂದೆ ಒಂದು ಜೀಪು ಬಂದು ನಿಂತಿತು. ಮಡಿಕೇರಿಯ ಡಾಕ್ಟರ್ ಉತ್ತಯ್ಯ ಇಳಿದರು, ಅವರ ಹಿಂದೆ ಉದ್ದ ಮೂಗಿನ, ನಗುಮುಖದ ಒಬ್ಬ ಪರದೇಶಿ ಇಳಿದರು. ಬಿಳಿಯನೆಂದುಕೊಂಡರೆ ಬಿಳಿಯನಲ್ಲ, ಇರಾನ್ ದೇಶದ ಡಾಕ್ಟರು, ಹೆಸರು ಪರ್ವೀಜ್. ಪೇಟೆಯ ಬ್ಯಾರಿ ಅಂಗಡಿಯವನಿಗೆ ಅವರ ಬಾಯಲ್ಲಿ ಮದ್ದಿಗೆ 'ದವಾ' ಎಂಬ ತನಗೂ ಗುರುತಿನ ಮಾತು ಕೇಳಿ ಖುಷಿಯೋ ಖುಷಿ. ಆ ದಿನ ಡಾಕ್ಟರಿಗೆ ಚಾ ಪುಕ್ಕಟೆ.

ಉತ್ತಯ್ಯ ಡಾಕ್ಟರು ಶಾಲೆಯ ಜಗಲಿಯಲ್ಲಿ ನಿಂತು ಎಲ್ಲ ಬಿಡಿಸಿ ಹೇಳಿದರು. ಹುಚ್ಚುನಾಯಿ ರೋಗಕ್ಕೆ ಗಡಿ ಗೊತ್ತಿಲ್ಲ, ನರಿಯಿಂದ ನಾಯಿಗೆ, ನಾಯಿಯಿಂದ ಮನುಷ್ಯನಿಗೆ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದಾಟುತ್ತದೆ. ಅದಕ್ಕೇ ಎಷ್ಟೋ ದೇಶಗಳು ಒಟ್ಟು ಸೇರಿ ಅದನ್ನು ಹಿಡಿದು ನಿಲ್ಲಿಸಲು ಹೊರಟಿವೆ. ನಾಯಿಗೆ ಹಾಕುವ ಮದ್ದನ್ನು ಅಮೆರಿಕದವರು ಕೋಳಿಮೊಟ್ಟೆಯಲ್ಲಿ ಬೆಳೆಸಿದ್ದಾರೆ. ಅಕಸ್ಮಾತ್ ಮನುಷ್ಯನಿಗೆ ಕಚ್ಚಿದರೆ ಕೊಡುವ ಹೊಸ ಮದ್ದನ್ನು ಈ ಡಾಕ್ಟರ ದೇಶದಲ್ಲಿ ಕುದುರೆಯ ರಕ್ತದಿಂದ ತೆಗೆದಿದ್ದಾರೆ. ಅದು ವಿಮಾನದಲ್ಲಿ ಬಂದು, ಮಂಗಳೂರಿನ ಐಸಿನಲ್ಲಿ ಕೂತು, ಈಗ ಈ ಪೆಟ್ಟಿಗೆಯಲ್ಲಿದೆ.

"ನಾವು ಸುಗ್ಗಿಯ ಪುತ್ತರಿ ಹಬ್ಬದವರೆಗೆ ಸಂಪಾಜೆಯಲ್ಲೇ ಇರ್ತೇವೆ. ಯಾರಿಗಾದ್ರೂ ಕಚ್ಚಿದ್ರೆ, ಪರಚಿದ್ರೆ, ಗಾಯಕ್ಕೆ ಜೊಲ್ಲು ತಾಗಿದ್ರೆ ಅವತ್ತೇ ಬನ್ನಿ" ಎಂದರು ಉತ್ತಯ್ಯ. "ಮೂರು ದಿನದ ಒಳಗೆ ಬಂದ್ರೂ ಸರಿ. ರೋಗ ಕಾಣಿಸಿಕೊಂಡ ಮೇಲೆ ಬಂದ್ರೆ ಮಾತ್ರ ಯಾವ ದೇಶದ ಮದ್ದೂ ಇಲ್ಲ, ತಿಳೀತಾ?"

ಸೂಜಿ ಹಾಕಿಸಿಕೊಂಡ ನಾಯಿಯ ಕೊರಳಿಗೆ ಒಂದು ತಗಡಿನ ಬಿಲ್ಲೆ. ಬಿಲ್ಲೆಯಿದ್ದ ನಾಯಿಗೆ ಹೆದರಬೇಕಾಗಿಲ್ಲ. ಬಿಲ್ಲೆಯಿಲ್ಲದೆ ಬೀದಿಯಲ್ಲಿ ಸಿಕ್ಕರೆ ಗುಂಡು.

ಗಂಗಮ್ಮ ಆಗ ಊರಿನಲ್ಲಿ ಇರಲಿಲ್ಲ. ತಮ್ಮನ ಹೆಂಡತಿಯ ಬಾಣಂತನಕ್ಕೆ ಚೆಟ್ಟಳ್ಳಿಗೆ ಹೋಗಿದ್ದಳು. ಹೋಗುವ ಮುಂಚೆ ಈ ಸೂಜಿಯ ಸುದ್ದಿ ಕೇಳಿ ಗಂಡನಿಗೆ ಎರಡೆರಡು ಸಲ ಹೇಳಿದ್ದಳು, "ನೋಡಿ, ಬೊಳ್ಳುನ ಕರ್ಕೊಂಡು ಹೋಗಿ. ಮರೀಬೇಡಿ. ನನ್ನ ಮೇಲೆ ಆಣೆ."

ಕೂಸಪ್ಪ ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು! ಕ್ಷೌರದ ಅಂಗಡಿಯಲ್ಲಿ ಯಾರೋ ಒಬ್ಬ ಬಾಯಿಚಪಲಕ್ಕೆ ಹೇಳಿಬಿಟ್ಟ, ಆ ಸೂಜಿ ಹಾಕಿದರೆ ನಾಯಿಯ ಮೂಗು ಒಂದು ವರ್ಷ ಸತ್ತುಹೋಗುತ್ತದೆ, ಕೋಳಿಮೊಟ್ಟೆಯ ಮದ್ದಲ್ಲವೇ, ಹಂದಿಯ ವಾಸನೆ ಬಿಟ್ಟು ಕೋಳಿಯ ಹಿಂದೆ ಹೋಗುತ್ತದೆ ಅಂತ. ಎಲ್ಲರೂ ನಕ್ಕರು. ಕೂಸಪ್ಪನೂ ನಕ್ಕ. ಆದರೆ ಮನೆಗೆ ಬರುವ ದಾರಿಯಲ್ಲಿ ನಗು ಇಳಿದು ಮಾತು ಮಾತ್ರ ಉಳಿಯಿತು. ಹಬ್ಬದ ಬೇಟೆ ಎದುರಿಗಿದೆ. ಊರಿಗೆ ಊರೇ ಬೊಳ್ಳುವಿನ ಮೂಗನ್ನು ನಂಬಿ ಕಾಡಿಗೆ ಇಳಿಯುತ್ತದೆ. ಹಬ್ಬ ಮುಗಿಯಲಿ, ಆಮೇಲೆ ಹಾಕಿಸಿದರಾಯಿತು ಎಂದುಕೊಂಡ.

ಮರುದಿನ ಅವನು ಶಾಲೆಗೆ ಕರೆದುಕೊಂಡು ಹೋದದ್ದು ಅಂಗಳದಲ್ಲಿ ಬಿದ್ದಿರುತ್ತಿದ್ದ ಮುದಿ ನಾಯಿ ಕರಿಯನನ್ನು. ಊರಿನವರೆಲ್ಲ ಕೂಸಪ್ಪಣ್ಣ ಏನು ಮಾಡುತ್ತಾರೆ ನೋಡೋಣ ಎಂದು ತಮ್ಮ ನಾಯಿಗಳನ್ನು ಹಿಡಿದು ದೂರ ನಿಂತಿದ್ದರು. ಅವನು ಮುಂದೆ ಹೋಗಿ ಕರಿಯನ ಕಿವಿ ಹಿಡಿದು ಕೂತ. ಒಂದು ಸೂಜಿ, ಒಂದು ಬಿಲ್ಲೆ. ಹಿಂದೆಯೇ ಸಾಲು ಹತ್ತಿತು. ಇರಾನಿ ಡಾಕ್ಟರು ಖುಷಿಯಾಗಿ ಕೂಸಪ್ಪನ ಕೈ ಕುಲುಕಿ ಏನೋ ಅಂದರು.

"ನಿಮ್ಮಂಥವರು ಊರಿಗೊಬ್ಬ ಇದ್ರೆ ತಾವು ತಮ್ಮ ದೇಶಕ್ಕೆ ಬೇಗ ಹೋಗಬಹುದು ಅಂತಿದ್ದಾರೆ" ಎಂದು ಉತ್ತಯ್ಯ ನಗುತ್ತಾ ಹೇಳಿದರು. "ಎಲ್ಲರೂ ಹೇಳುವ ಆ ಬೊಳ್ಳು ಎಲ್ಲಿ?"

"ಮಲೆಗೆ ಹೋಗ್ಯುಟ್ಟು, ಆಳುಗಳ ಜೊತೆ. ನಾಳೆ ತರ್ತೇನೆ" ಎಂದ ಕೂಸಪ್ಪ.

ನಾಳೆ ತರಲಿಲ್ಲ. ಆ ವಾರದಲ್ಲೇ ಚಿರತೆ ಅಂಗಳಕ್ಕೆ ಬಂದು ಕರಿಯನನ್ನು ಎತ್ತಿಕೊಂಡು ಹೋಯಿತು. ಬೇಲಿಯ ಹತ್ತಿರ ಹರಿದ ಬಾರು, ಅದರಲ್ಲಿ ಬಿಲ್ಲೆ. ಕೂಸಪ್ಪ ಅದನ್ನು ತೊಳೆದು ಹೊಸ ಹುರಿಗೆ ಪೋಣಿಸಿ ಬೊಳ್ಳುವಿನ ಕೊರಳಿಗೆ ಕಟ್ಟಿದ. ಹಬ್ಬದವರೆಗೆ ಗುಂಡಿನಿಂದ ಉಳಿಯಲಿ ಅಂತ ಅಷ್ಟೇ. ಇಷ್ಟು ಸುಲಭಕ್ಕೆ ಆಗಿಹೋಗುವ ಕೆಲಸ ಅದು, ಹೂವಿನ ಗಿಡಕ್ಕೆ ಕೋಲು ಕಟ್ಟಿದಷ್ಟು ಸುಲಭ.

ಹಬ್ಬಕ್ಕೆ ಗಂಗಮ್ಮ ತವರಿನಿಂದ ಬಂದಳು. ತಮ್ಮನಿಗೆ ಹೆಣ್ಣು ಮಗು, ಮಗುವಿನ ಕಿವಿ ಹೀಗೆ, ಬೆರಳು ಹಾಗೆ ಎಂದು ಬಾಗಿಲಿಂದಲೇ ಶುರು. ಬೊಳ್ಳು ಓಡಿ ಬಂದು ಮೈಮೇಲೆ ಹಾರಿತು. ಕೊರಳಿನ ಬಿಲ್ಲೆ ಮುಟ್ಟಿ ನೋಡಿದ ಗಂಗಮ್ಮನ ಮುಖ ಅರಳಿತು.

"ಹಾಕ್ಸಿದ್ರಾ? ನಾನು ಅಲ್ಲಿ ಕೂತು ಯೋಚನೆ ಮಾಡ್ತಿದ್ದೆ, ಇವ್ರು ನಾಳೆ ನಾಳೆ ಅಂತ ತಳ್ತಾರೇಂತ." ಎಂದೂ ಇಲ್ಲದ್ದು, ನಾಯಿಯ ಮೂತಿಗೆ ಕೆನ್ನೆ ಕೊಟ್ಟಳು.

ಆಗ ಹೇಳಬಹುದಿತ್ತು. ಹೇಳಿದ್ದರೆ ಬೈಯುತ್ತಿದ್ದಳು, ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದಳು, ಮೂರನೇ ದಿನ ತಾನೇ ನಾಯಿಯನ್ನು ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದಳು. ಕೂಸಪ್ಪ "ಹೂಂ" ಎಂದ. ಆ 'ಹೂಂ'ನ ನಂತರ ಬೊಳ್ಳುವನ್ನು ಸೂಜಿಗೆ ಕರೆದೊಯ್ಯುವ ದಾರಿಯೇ ಮುಚ್ಚಿಹೋಯಿತು. ಬಿಲ್ಲೆಯಿದ್ದ ನಾಯಿಗೆ ಮತ್ತೆ ಸೂಜಿ ಹಾಕಿ ಎಂದು ಯಾವ ಬಾಯಲ್ಲಿ ಕೇಳುವುದು?

ಹಬ್ಬದ ಬೇಟೆಯಲ್ಲಿ ಬೊಳ್ಳು ಹಂದಿಯನ್ನು ತೋರಿಸಿಕೊಟ್ಟಿತು. ಆದರೆ ಹಿಂತಿರುಗುವಾಗ ಪೊದೆಯಿಂದ ಒಂದು ನರಿ, ಹಗಲು ಹೊತ್ತಿನಲ್ಲಿ, ಅಷ್ಟು ಜನರ ನಡುವೆ ನೇರ ಬಂದು ಬೊಳ್ಳುವಿನ ಕಿವಿ ಹರಿದುಬಿಟ್ಟಿತು. ನರಿಯನ್ನು ಹೊಡೆದು ಹಾಕಿದರು. "ಎಂಥ ಸೊಕ್ಕಿನ ನರಿ ಮಾರಾಯ" ಎಂದು ಯಾರೋ ಅಂದರು. "ಕೊರಳಲ್ಲಿ ಬಿಲ್ಲೆ ಉಟ್ಟಲ್ಲ, ಹೆದರಿಕೆ ಎಂತ?" ಎಂದರು ಇನ್ನೊಬ್ಬರು. ಕೂಸಪ್ಪ ಕಿವಿಗೆ ಅರಿಶಿನ ಒತ್ತಿದ. ಗಾಯ ಮಾಯಿತು.

ತುಲಾ ಸಂಕ್ರಮಣ ಕಳೆದು ಇನ್ನೊಂದು ಹಂದಿ ಬಿತ್ತು. ಕೂಸಪ್ಪ ಪಾಲು ಹಾಕಿದ, ಬೊಳ್ಳುವಿನ ಪಾಲು ಮನೆಗೆ ಬಂತು, ಗಂಗಮ್ಮ ಬೇಯಿಸಿದಳು. ಬೊಳ್ಳು ತುಂಡನ್ನು ಬಾಯಿಗೆ ಹಾಕಿಕೊಂಡು ಹಾಗೇ ಬೀಳಿಸಿತು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು.

"ಅಯ್ಯೋ ಪಾಪ, ಎಲುಬು ಸಿಕ್ಕಿಕೊಂಡುಟ್ಟು" ಎಂದಳು ಗಂಗಮ್ಮ. ಜೊಲ್ಲಿಗೆ ಸೀರೆ ಕುದಿಸುತ್ತಿದ್ದ ಹೆಂಗಸು ಒಮ್ಮೆ ಬಿಲ್ಲೆಯ ಕಡೆ ನೋಡಿದಳು, ಆಮೇಲೆ ಧೈರ್ಯವಾಗಿ ಬಲಗೈಯನ್ನು ನಾಯಿಯ ಬಾಯೊಳಗೆ ಹಾಕಿ ಗಂಟಲವರೆಗೆ ತಡಕಿದಳು. ಎಲುಬು ಸಿಗಲಿಲ್ಲ. ಹಲ್ಲು ತಾಗಿ ಕೈಯ ಹಿಂಬದಿ ಉದ್ದಕ್ಕೆ ತರಚಿತು.

ಕೂಸಪ್ಪ ಗದ್ದೆಯಿಂದ ಬಂದಾಗ ಅವಳು ಕೈ ತೊಳೆಯುತ್ತಿದ್ದಳು. ವಿಷಯ ಕೇಳಿ ಅವನು ಆ ಕೈಯನ್ನೇ ನೋಡಿದ.

"ಯಾಕೆ ಹಾಗೆ ನೋಡ್ತೀರಿ? ಸೂಜಿ ಹಾಕ್ಸಿದ ನಾಯಿ ಅಲ್ವಾ" ಎಂದಳು. ತಂಗಿಯ ಸಾವು ನೋಡಿದವಳು ಅಷ್ಟು ನಿಶ್ಚಿಂತೆಯಿಂದ ನಕ್ಕದ್ದು ಅವನಿಗೆ ಚಾಟಿಯೇಟಿನ ಹಾಗೆ ಬಿತ್ತು. ಎಲುಬೇ ಇರಬೇಕು ಎಂದುಕೊಂಡ. ಎಲುಬೇ ಆಗಲಿ ದೇವರೇ ಎಂದುಕೊಂಡ.

ಬೊಳ್ಳು ಕಾಫಿ ಗಿಡದ ಕೆಳಗೆ ಹೋಗಿ ಮಲಗಿತು. ಕರೆದರೆ ಬರಲಿಲ್ಲ. ಮಾರನೆಯ ದಿನ ಸಂಜೆಗೆ ಸತ್ತಿತ್ತು. ಕೂಸಪ್ಪ ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಒಂದು ಕೋಲಿನಿಂದ ಅದರ ದವಡೆ ಅಗಲಿಸಿ, ಗಂಟಲಿನ ಆಳದವರೆಗೆ ಹುಡುಕಿದ. ತಲೆಕೆಳಗೆ ಮಾಡಿ ಹುಡುಕಿದ. ಎಲುಬಿರಲಿಲ್ಲ. ಆಮೇಲೆ ಬಿಲ್ಲೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ನಾಯಿಯನ್ನು ಅಲ್ಲೇ ಹೂತ.

ಇನ್ನೂ ಹೊತ್ತು ಮೀರಿರಲಿಲ್ಲ, ಕೇಳಿ. ಇರಾನಿನಿಂದ ಹಾರಿ, ಸಮುದ್ರ ದಾಟಿ, ಐಸಿನಲ್ಲಿ ಕೂತು ಬಂದ ಮದ್ದು ಕೂಗಳತೆಯಲ್ಲಿತ್ತು. ಮರುದಿನ ಬೆಳಿಗ್ಗೆಯೇ ಕೂಸಪ್ಪ ಸಂಪಾಜೆಗೆ ನಡೆದ. ಹೇಳಲೆಂದೇ ನಡೆದ. ಶಾಲೆಯ ಜಗಲಿಯಲ್ಲಿ ಉತ್ತಯ್ಯ ಡಾಕ್ಟರು ಹತ್ತಾರು ಜನರ ನಡುವೆ ಕೂತಿದ್ದರು, ಪಕ್ಕದಲ್ಲಿ ಇರಾನಿ ಡಾಕ್ಟರು. ಇವನನ್ನು ಕಂಡದ್ದೇ ಆತ ಎದ್ದು ನಿಂತು ಕೈ ಚಾಚಿದರು.

"ಬನ್ನಿ ಬನ್ನಿ ಕೂಸಪ್ಪ! ಇವತ್ತು ಗುಡ್ಡದಾಚೆಯವರು ನಾಯಿ ತಂದಿದ್ದಾರೆ, ಕೂಸಪ್ಪಣ್ಣನೇ ಹಾಕ್ಸಿದ್ರಂತೆ ಅಂತ ಹೇಳ್ಕೊಂಡು ಬಂದ್ರು" ಎಂದರು ಉತ್ತಯ್ಯ. "ಬೊಳ್ಳು ಹೇಗಿದ್ದಾನೆ? ಬಿಲ್ಲೆ ಆಗಿದೆ ಅಂತ ಇವರೆಲ್ಲ ಹೇಳಿದ್ರು, ಯಾವಾಗ ಕಟ್ಟಿಸಿಕೊಂಡು ಹೋದ್ರಿ, ನಾನು ನೋಡ್ಲೇ ಇಲ್ಲ?"

ಹತ್ತಾರು ಮುಖ ಇವನ ಕಡೆ ತಿರುಗಿದವು. ಎಲ್ಲ ಇವನ ಕೈಯಿಂದ ಪಾಲು ತೆಗೆದುಕೊಂಡು ಎಲೆ ಬಿಚ್ಚಿ ನೋಡದೆ ಹೋದವರು.

"ಚೆನ್ನಾಗುಟ್ಟು" ಎಂದ.

ಆಮೇಲೆ ಅಂಗಡಿಗೆ ಹೋಗಿ ವೀಳ್ಯದೆಲೆ, ಒಣಮೀನು ತೆಗೆದುಕೊಂಡು ಮನೆಗೆ ಬಂದ. ಅಂದು ಕಂಬ ಹಿಡಿದುಕೊಂಡಾದರೂ ಇನ್ನೊಂದು ಗಳಿಗೆ ಅಲ್ಲಿ ನಿಂತಿದ್ದರೆ! ಜನ ಕರಗಿದ ಮೇಲೆ ಡಾಕ್ಟರ ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ಒಣಮೀನು ನೋಡಿ ಗಂಗಮ್ಮ, "ಬೊಳ್ಳು ಇದ್ದಿದ್ರೆ ಇಷ್ಟು ಹೊತ್ತಿಗೆ ಕಾಲಿಗೆ ಸುತ್ತಿಕೊಳ್ತಿತ್ತು" ಎಂದು ಅತ್ತಳು. ಎಲುಬು ಸಿಕ್ಕಿಕೊಂಡೇ ಸತ್ತಿತೆಂದು ಅವಳು ನಂಬಿದ್ದಳು. ನಂಬಿಸಿದ್ದು ಕೂಸಪ್ಪ.

ಕೈಯ ತರಚು ಮಾಯಿತು. ದಿನ ಕಳೆದಂತೆ ಕೂಸಪ್ಪನ ಉಸಿರು ಸಡಿಲವಾಯಿತು. ಭತ್ತ ಹಾಲು ತುಂಬಿ ತೆನೆ ಬಾಗಿತು. ಪುತ್ತರಿಗೆ ಕದಿರು ತೆಗೆಯುವ ಮಾತು ಊರಿನಲ್ಲಿ ಶುರುವಾದಾಗ ಗಂಗಮ್ಮ ಒಂದು ಬೆಳಿಗ್ಗೆ, "ಕೈಯೊಳಗೆ ಇರುವೆ ಹರಿದ ಹಾಗೆ ಆಗ್ತುಟ್ಟು" ಎಂದಳು. ಮಧ್ಯಾಹ್ನ ಗಂಜಿ ಬೇಡವೆಂದಳು. ಮರುದಿನ ನೀರಿನ ಚೊಂಬನ್ನು ತುಟಿಗೆ ತಂದವಳು ಬೆಚ್ಚಿ ಅದನ್ನು ಎಸೆದುಬಿಟ್ಟಳು. ಉರುಳುತ್ತಿದ್ದ ಚೊಂಬನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ತಂಗಿಗೂ ಹೀಗೇ" ಎಂದಳು. "ನನ್ನ ಕಟ್ಟಿ ಹಾಕ್ಬೇಡಿ."

ಕೂಸಪ್ಪ ಹುಚ್ಚನ ಹಾಗೆ ಸಂಪಾಜೆಗೆ ಓಡಿದ. ಇಬ್ಬರು ಡಾಕ್ಟರೂ ಜೀಪಿನಲ್ಲಿ ಬಂದರು. ಇರಾನಿ ಡಾಕ್ಟರು ಕಿಟಕಿಗೆ ಕಂಬಳಿ ಕಟ್ಟಿಸಿದರು, ಗಾಳಿ ಸೋಕಿದರೂ ಅವಳಿಗೆ ಗಂಟಲು ಹಿಡಿಯುತ್ತಿತ್ತು. ನಿದ್ದೆ ಬರುವ ಸೂಜಿ ಕೊಟ್ಟರು, ಕಟ್ಟಿ ಹಾಕಲು ಬಿಡಲಿಲ್ಲ. ಚೆಟ್ಟಳ್ಳಿಯಿಂದ ಸಾಂತಪ್ಪ ಬಂದು ಅಕ್ಕನ ಕಾಲ ಬುಡದಲ್ಲಿ ಕೂತ.

ಸೂಜಿಯ ಅಮಲು ಇಳಿದಾಗ ಗಂಗಮ್ಮನ ಮಾತು ಸ್ಪಷ್ಟವಾಗಿತ್ತು. ಈ ರೋಗದ ಕ್ರೌರ್ಯ ನೋಡಿ, ಬುದ್ಧಿಯನ್ನು ಕೊನೆಯವರೆಗೆ ಬಿಟ್ಟಿರುತ್ತದೆ. ಉತ್ತಯ್ಯ ಹತ್ತಿರ ಕೂತು ಮೆಲ್ಲಗೆ ಕೇಳಿದರು, "ಯಾವ ನಾಯಿ ಅಮ್ಮಾ?"

"ನಮ್ದೇ ಬೊಳ್ಳು. ಬಾಯಿಗೆ ಕೈ ಹಾಕಿದ್ದೆ. ಎಲುಬು ಅಲ್ಲ ಅದು, ಈಗ ಗೊತ್ತಾಯ್ತು."

"ಬೊಳ್ಳುಗೆ ಸೂಜಿ ಆಗಿತ್ತಲ್ಲ?"

"ಆಗಿತ್ತು. ಇವ್ರೇ ಹಾಕ್ಸಿದ್ದು."

ಉತ್ತಯ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಇರಾನಿ ಡಾಕ್ಟರು ಅಂಗಳಕ್ಕೆ ಹೋಗಿ ತಲೆ ಹಿಡಿದು ನಿಂತರು. ಸೂಜಿ ಹಾಕಿದ ನಾಯಿಗೇ ರೋಗ ಬಂದರೆ ಮದ್ದಿನಲ್ಲೇ ಏನೋ ಕೆಟ್ಟಿದೆ ಎಂದರ್ಥ. ಕೂನೂರಿನ ಮದ್ದಿನ ಸಂಸ್ಥೆಗೆ, ಜಿನೀವಾದ ದೊಡ್ಡ ಕಚೇರಿಗೆ, ಈ ಮದ್ದು ಬಳಸುವ ಎಲ್ಲ ದೇಶಗಳಿಗೂ ತಂತಿ ಕೊಡಬೇಕು, ಕಾರಣ ತಿಳಿಯುವವರೆಗೆ ಎಲ್ಲಿಯೂ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ ಎಂದು ಉತ್ತಯ್ಯ ಕೂಸಪ್ಪನಿಗೆ ವಿವರಿಸಿದರು. ಕೂಸಪ್ಪ ಕೇಳಿಸಿಕೊಂಡ. ಜೇಬಿನಲ್ಲಿದ್ದ ಬಿಲ್ಲೆ ಬೆರಳಿಗೆ ತಾಗುತ್ತಿತ್ತು.

ಒಳಗೆ ಗಂಗಮ್ಮ ತಮ್ಮನ ಕೈ ಹುಡುಕುತ್ತಿದ್ದಳು. "ಸಾಂತು, ಆ ಸೂಜಿ ನಂಬ್ಬೇಡ. ನಿಮ್ಮಲ್ಲಿಗೂ ಬರ್ತಾರಂತೆ. ಹಾಕ್ಸಿದ್ರೆ ಹೀಗೇ ಧೈರ್ಯ ಬರ್ತದೆ, ಆಮೇಲೆ ಹೀಗೇ ಆಗ್ತದೆ. ಮದ್ದು ಸುಳ್ಳು. ಮಗೂನ ನೋಡ್ಕೊ." ಆಮೇಲೆ ಗಂಡನ ಕಡೆ ತಿರುಗಿದಳು. ಅವನು ಅಳುತ್ತಿದ್ದ. "ನೀವ್ಯಾಕೆ ಅಳ್ತೀರಿ? ನಾನು ಹೇಳಿದ್ದನ್ನು ನೀವು ಮಾಡಿದ್ರಿ. ನಿಮ್ಮ ತಪ್ಪು ಎಂತದೂ ಇಲ್ಲೆ."

ಕೂಸಪ್ಪ ಬಾಯಿ ತೆರೆದ. ಸಾಯುವವಳಿಗೆ ಈಗ ಹೇಳಿ ಏನು ಕೊಟ್ಟಂತಾಯಿತು, ಇರುವ ಒಂದು ಸಮಾಧಾನವನ್ನೂ ಕಿತ್ತುಕೊಳ್ಳುವುದೇ ಎಂದು ಅವನಿಗೆ ಅನ್ನಿಸಿತು. ನಿಜವಾಗಿ ಹಾಗೆ ಅನ್ನಿಸಿತೋ, ಹೆದರಿಕೆಯೇ ಕರುಣೆಯ ಮುಖ ಹಾಕಿಕೊಂಡು ಬಂತೋ, ಅವನಿಗೂ ಗೊತ್ತಾಗಲಿಲ್ಲ. ಬಾಯಿ ಮುಚ್ಚಿದ. ಮಾರನೆಯ ಬೆಳಿಗ್ಗೆ ಗಂಗಮ್ಮ ಹೋಗಿಬಿಟ್ಟಳು. ಎರಡು ದಿನದಿಂದ ಅವಳ ಗಂಟಲಿಗೆ ಒಂದು ಹನಿ ನೀರು ಇಳಿದಿರಲಿಲ್ಲ.

ಆ ಮನೆಗೆ ಆ ವರ್ಷ ಪುತ್ತರಿ ಬರಲಿಲ್ಲ. ಊರೆಲ್ಲ ಕದಿರು ತಂದು "ಪೊಲಿ ಪೊಲಿ", ಬೆಳೆ ಹೆಚ್ಚಲಿ, ಎಂದು ಕೂಗುವಾಗ ಕೂಸಪ್ಪ ದೀಪವಿಲ್ಲದ ಜಗಲಿಯಲ್ಲಿ ಕೂತಿದ್ದ. ಸುದ್ದಿ ಘಟ್ಟದ ಮೇಲೆ ಕೆಳಗೆ ಎಲ್ಲ ಕಡೆ ಹಬ್ಬಿತ್ತು. ಸೂಜಿ ಹಾಕಿಸಿದ ನಾಯಿಯೇ ಹುಚ್ಚಾಗಿ ಮನೆಯೊಡತಿಯನ್ನು ತಿಂದಿತಂತೆ. ಜನ ಬಿಲ್ಲೆಗಳನ್ನು ಕಿತ್ತು ಹೊಳೆಗೆ ಎಸೆದರು. ಮೂರ್ನಾಡಿನಲ್ಲಿ ಇರಾನಿ ಡಾಕ್ಟರ ಜೀಪಿಗೆ ಕಲ್ಲು ಬಿತ್ತು ಎಂದರು. ಕೂಸಪ್ಪನನ್ನು ಮಾತ್ರ ಎಲ್ಲರೂ ಕನಿಕರದಿಂದ ನೋಡಿದರು, ಸರ್ಕಾರದ ಮಾತು ನಂಬಿ ಕೆಟ್ಟ ಸಜ್ಜನ ಅಂತ. ಆ ಕನಿಕರ ಅವನ ಕೊರಳಿಗೆ ಬಿದ್ದ ಹಗ್ಗವಾಗಿತ್ತು.

ತಿಥಿಯ ದಿನ ನೆಂಟರೆಲ್ಲ ಸೇರಿದರು. ಒಳಕೋಣೆಯಲ್ಲಿ ಗಂಗಮ್ಮನಿಗೆ ಎಡೆ ಬಡಿಸಿಟ್ಟರು. ಅವಳಿಗೆ ಇಷ್ಟವಾದ ಅಕ್ಕಿ ರೊಟ್ಟಿ, ಒಣಮೀನಿನ ಸಾರು, ಪಕ್ಕದಲ್ಲಿ ಒಂದು ಲೋಟ ನೀರು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತರು. ಸಾಂತಪ್ಪನ ಹೆಂಡತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅದು ನಿದ್ದೆಯಲ್ಲಿ ಬೆರಳು ಚೀಪುತ್ತಿತ್ತು.

"ಭಾವ, ಇವಳಿಗೆ ಅಕ್ಕನ ಹೆಸರೇ ಇಡ್ತೇನೆ" ಎಂದ ಸಾಂತಪ್ಪ, ಮಗುವಿನ ತಲೆ ಸವರುತ್ತಾ. "ನಾಳೆ ನಮ್ಮಲ್ಲಿಗೆ ಆ ಡಾಕ್ಟರು ಬರ್ತಾರೆ. ಬೇಕಾದವರು ಹಾಕ್ಸಿ ಅಂತಾರಂತೆ ಈಗ. ನನ್ನ ಎರಡೂ ನಾಯಿನ ಎಸ್ಟೇಟ್ ಕೂಲಿಯವರ ಲೈನಿನ ಹಿಂದೆ ಕಟ್ಟಿ ಬಂದಿದ್ದೇನೆ. ನಾನು ಅಲ್ಲಿ ಲೆಕ್ಕ ಬರೆಯುವ ರೈಟರಲ್ವಾ, ಲೈನಿನವರಿಗೆಲ್ಲ ಹೇಳಿದ್ದೇನೆ, ಒಂದು ನಾಯೀನೂ ಹೊರಗೆ ಬರಬಾರ್ದು. ಅಕ್ಕನ ಕೊನೇ ಮಾತು."

"ನಾಯಿ ಮಗುವಿನ ಹತ್ತಿರ ಬರ್ತದಾ?" ಕೂಸಪ್ಪ ಕೇಳಿದ.

"ತೊಟ್ಟಿಲ ಕೆಳಗೇ ಮಲಗೋದು. ಎಬ್ಬಿಸಿದ್ರೂ ಏಳೂದಿಲ್ಲ" ಎಂದಳು ಸಾಂತಪ್ಪನ ಹೆಂಡತಿ, ಸ್ವಲ್ಪ ನಕ್ಕು.

ಕೂಸಪ್ಪ ಮಗುವನ್ನು ನೋಡಿದ. ಗಂಗಮ್ಮ ವರ್ಣಿಸಿದ್ದ ಕಿವಿ, ಬೆರಳು, ಎಲ್ಲ ಹಾಗೇ ಇದ್ದವು. ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದು ಚಾಪೆಯ ಮೇಲೆ ಇಟ್ಟ.

"ಇದು ಬೊಳ್ಳುದಲ್ಲ" ಎಂದ. "ಕರಿಯಂದು. ಬೊಳ್ಳುಗೆ ನಾನು ಸೂಜಿ ಹಾಕ್ಸಿಲ್ಲೆ. ಮೂಗು ಹೋಗ್ತದೇಂತ, ಹಬ್ಬದ ಬೇಟೆ ಕೆಡ್ತದೇಂತ ಹಾಕ್ಸಿಲ್ಲೆ. ಕರಿಯನ ಚಿರತೆ ಹಿಡಿದ ಮೇಲೆ ಇದನ್ನು ತೆಗೆದು ಬೊಳ್ಳುಗೆ ಕಟ್ಟಿದೆ. ಮದ್ದು ಸುಳ್ಳಲ್ಲ ಸಾಂತಪ್ಪ. ನಾನು ಸುಳ್ಳು."

ಅವನ ಕೈಯಿಂದ ಪಾಲು ತೆಗೆದುಕೊಂಡವರು ಒಬ್ಬೊಬ್ಬರೇ ನೆಲ ನೋಡಿದರು. ಒಬ್ಬ ಮುದುಕ, "ಅಯ್ಯೋ ಕೂಸಪ್ಪಾ" ಎಂದು ಅ‌ತ್ತುಬಿಟ್ಟ. ಸಾಂತಪ್ಪ ಬಿಲ್ಲೆಯನ್ನು ಎತ್ತಿ ತಿರುಗಿಸಿ ನೋಡಿದ. ಹೊಡೆಯುತ್ತಾನೆಂದು ಕೂಸಪ್ಪ ಕಾದ, ಹೊಡೆದರೆ ಒಳ್ಳೆಯದಿತ್ತು.

"ಅವಳ ಕೈ ತರಚಿದ ದಿನ ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು. ಸಂಪಾಜೆಗೆ ಹೋಗಿದ್ದೆ. ಡಾಕ್ಟರ ಎದುರು ನಿಂತಿದ್ದೆ. ಬಾಯಿ ಬರಲಿಲ್ಲ."

"ಅಕ್ಕಂಗೆ ಹೇಳಿದ್ರಾ? ಕೊನೆಗಾದ್ರೂ?"

"ಇಲ್ಲೆ."

ಸಾಂತಪ್ಪ ಬಿಲ್ಲೆಯನ್ನು ಚಾಪೆಯ ಮೇಲೆ ಇಟ್ಟ. "ನಿಮ್ಮ ತಪ್ಪಿಲ್ಲೆ ಅಂತ ಅವಳು ನಿಮ್ಮ ಕಣ್ಣೀರು ಒರೆಸಿದ್ಳು ಭಾವ. ನಾನು ಅಲ್ಲೇ ಕೂತಿದ್ದೆ." ಅವನು ಎದ್ದು ಒಳಕೋಣೆಯ ಬಾಗಿಲು ತೋರಿಸಿದ. "ಈಗ ಒಳಗೆ ಬಂದಿರ್ತಾಳೆ. ಎದ್ದು ಹೋಗೋದ್ರ ಒಳಗೆ ಹೇಳಿ. ನಮ್ಗೆ ಹೇಳಿ ಎಂತ ಪ್ರಯೋಜನ? ಅವಳಿಗೆ ಹೇಳಿ."

ಎಡೆ ಇಟ್ಟ ಕೋಣೆಗೆ ಆ ಹೊತ್ತಿನಲ್ಲಿ ಯಾರೂ ಕಾಲಿಡುವುದಿಲ್ಲ. ಕೂಸಪ್ಪ ಎದ್ದ. ಬಾಗಿಲು ತಳ್ಳಿ ಒಳಗೆ ಹೋಗಿ, ಹಿಂದಿನಿಂದ ಮುಚ್ಚಿಕೊಂಡ. ಸಣ್ಣ ದೀಪ, ಎಲೆ, ಎಲೆಯ ಆಚೆ ಖಾಲಿ ಮಣೆ. ಅವನು ಮಣೆಗೆ ಎದುರಾಗಿ ಕೂತ. ಹೊರಗೆ ಸಾಂತಪ್ಪ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು, ಬೇಗ ಹೊರಡಿ, ಬೆಳಿಗ್ಗೆ ಡಾಕ್ಟರು ಬರುವ ಮೊದಲು ನಾಯಿಗಳನ್ನು ಬಿಚ್ಚಿ ತರಬೇಕು, ಲೈನಿನವರಿಗೂ ಹೇಳಬೇಕು ಅಂತ.

"ಗಂಗೆ" ಎಂದ ಕೂಸಪ್ಪ. ಅವಳಿದ್ದಾಗ ಹೆಸರು ಹಿಡಿದು ಕರೆದದ್ದೇ ಅಪರೂಪ. "ಬೊಳ್ಳುಗೆ ಸೂಜಿ ಹಾಕ್ಸಿಲ್ಲೆ."

ಮುಂದಿನದನ್ನೂ ಹೇಳಿದ, ಎಲುಬು ಹುಡುಕಿದ್ದು, ಒಣಮೀನು ತಂದದ್ದು, ಎಲ್ಲ. ಹೇಳಿ ಮುಗಿದ ಮೇಲೆ ನೀರಿನ ಲೋಟವನ್ನು ಮಣೆಯ ಹತ್ತಿರಕ್ಕೆ ಸರಿಸಿದ.